ಬೆಳ್ಳಿ ಲೋಟದಿಂದ ಬೀಡಾವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲ್ ಅಂದ ಕೂಡಲೇ ನಮಗೆ ನೆನಪಾಗುವುದು ದೋಸೆ, ರವೆ ಇಡ್ಲಿ, ಕಾಫಿ. ನಾನು ಇವತ್ತು ಹೇಳಹೊರಟಿರುವುದು ಅಲ್ಲಿನ ಮಧ್ಯಾಹ್ನದ ಊಟದ ಬಗ್ಗೆ.

ಮೊನ್ನೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹೆಸರು ಬರೆಸಿ, ಕಾದು, ಒಳಗೆ ಕೂತೆವು. ಏನು ಕೊಡಲಿ ಅಂತ ಯಾರೂ ಕೇಳಲಿಲ್ಲ. ಮದುವೆಮನೆ ಪಂಕ್ತಿಯ ಹಾಗೆ, ಬಡಿಸುವವರು ಒಂದೊಂದಾಗಿ ತರುತ್ತಾರೆ. ನನಗೆ ಇಷ್ಟವಾಗುವುದೇ ಇದು. ದಿನವಿಡೀ ಅದು ಬೇಕಾ, ಇದು ಬೇಕಾ ಅಂತ ಆರಿಸಿ ಆರಿಸಿ ಸಾಕಾಗಿರುತ್ತದೆ, ಅಲ್ವಾ? ಇಲ್ಲಿ ಸುಮ್ನೆ ಕೂತು ಉಂಡರಾಯಿತು.

ಮೊದಲು ಬೆಳ್ಳಿ ಲೋಟದಲ್ಲಿ ತಣ್ಣಗಿನ ದ್ರಾಕ್ಷಿ ರಸ. ಆಮೇಲೆ ಕೋಸಂಬರಿ, ಪಲ್ಯ, ಸಿಹಿ, ಪೂರಿ ಸಾಗು, ಪುಟ್ಟ ದೋಸೆ. ಪೂರಿ ಎರಡನೇ ಸಲ ಬಂದಾಗ ಅಮ್ಮ ನನ್ನ ಕೈ ಹಿಡಿದು, "ತಡಿ, ಬಿಸಿಬೇಳೆಬಾತ್‌ಗೆ ಜಾಗ ಇರಲಿ" ಅಂದಳು.

ಬಂತು ನೋಡಿ! ಹಬೆಯಾಡುತ್ತಿತ್ತು. ಹುಣಸೆಯ ಹುಳಿ, ಬೆಂದು ಕರಗಿದ ಬೇಳೆ, ಚಕ್ಕೆ ಮತ್ತು ಮರಾಠಿ ಮೊಗ್ಗಿನ ಘಮ, ಮೇಲೆ ತುಪ್ಪ. ಬಾಯಿ ಸುಡುತ್ತಿದ್ದರೂ ನಿಲ್ಲಿಸುವ ಮನಸ್ಸಾಗಲಿಲ್ಲ.

ತುಪ್ಪ ಹಾಕುವಾಗ ಕೈ ಬಿಗಿ ಹಿಡಿಯದ ಅಡುಗೆಮನೆ ಇದು. 1924ರಲ್ಲಿ ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು ಶುರು ಮಾಡಿದ್ದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆ ಇಳಿಸಿತು. ಈ ಹೋಟೆಲಿನವರು ರುಚಿ ಇಳಿಸಲಿಲ್ಲ. ನಷ್ಟ ಮಾಡಿಕೊಂಡೇ ಬಡಿಸಿದರು, ಆ ನಷ್ಟವೆಷ್ಟು ಅಂತ ಹೊರಗೆ ಬೋರ್ಡ್ ಕೂಡ ಹಾಕಿದರು. ಅದು ನೆನಪಾದಾಗಲೆಲ್ಲ ಈ ಊಟದ ಮೇಲೆ ಗೌರವ ಹೆಚ್ಚುತ್ತದೆ.

ಬಾತ್ ಆದ ಮೇಲೆ ಅನ್ನ, ಸಾಂಬಾರ್, ಸಾರು. ಮಸಾಲೆಯ ಭಾರವನ್ನು ತಿಳಿಸಾರು ಇಳಿಸುತ್ತದೆ, ಸುಟ್ಟ ನಾಲಿಗೆಗೆ ಮೊಸರನ್ನ ತಂಪು ಮಾಡುತ್ತದೆ. ಯಾವುದರ ಹಿಂದೆ ಯಾವುದು ಬರಬೇಕು ಅನ್ನುವುದೂ ಒಂದು ಅಡುಗೆಯೇ. ಅಮ್ಮ ಸಾರನ್ನು ಎರಡು ಸಲ ಹಾಕಿಸಿಕೊಂಡಳು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು, ಅವತ್ತು ಬಿಸಿಬಿಸಿಯಾಗಿ, ನಿಧಾನವಾಗಿ ಉಂಡಳು. ನಾನು ಅದನ್ನೇ ನೋಡುತ್ತಾ ಕೂತಿದ್ದೆ.

ಕೊನೆಗೆ ಹಣ್ಣಿನ ಜೊತೆ ಐಸ್‌ಕ್ರೀಮ್, ಒಂದು ಬೀಡಾ.

ನೀವೂ ಹೋಗುವುದಾದರೆ ಸೋಮವಾರ ಬೇಡ, ಅಂದು ರಜೆ. ಸ್ವಲ್ಪ ಬೇಗ ಹೋಗಿ ಹೆಸರು ಬರೆಸಿ. ಬೆಳಗಿನ ತಿಂಡಿ ಅರ್ಧ ಹೊಟ್ಟೆಗೆ ಇರಲಿ. ಅಮ್ಮನನ್ನೂ ಕರೆದುಕೊಂಡು ಹೋಗಿ.