ಎರಡು ಮಿಲಿಮೀಟರ್ ದಪ್ಪದ ಪಟ್ಟಿ

ನನ್ನ ಅಂಗೈಯಲ್ಲಿರುವ ಈ ಕಬ್ಬಿಣದ ಪಟ್ಟಿಯನ್ನು ನೋಡಿ. ಉದ್ದ ಸುಮಾರು ಎಂಟು ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ಒಂದು ತುದಿ ಮುರಿದುಹೋಗಿದೆ. ಮುರಿದ ಜಾಗದಲ್ಲಿ ಬೆರಳಾಡಿಸಿದರೆ ಒಡೆದ ಸ್ಲೇಟಿನ ಅಂಚಿನಂತೆ ಚುಚ್ಚುತ್ತದೆ. ಇದರ ಹೆಸರು ಅಪೆಕ್ಸ್ ಸೀಲ್. ನನ್ನ ಕಾರಿನ ಇಂಜಿನ್‌ನಲ್ಲಿ ಇಂಥವು ಆರು ಇವೆ. ಆರರಲ್ಲಿ ಒಂದು ಹೀಗಾದದ್ದಕ್ಕೆ ಕಾರು ಹದಿನಾಲ್ಕು ತಿಂಗಳು ಗ್ಯಾರೇಜಿನಲ್ಲೇ ನಿಂತಿತು.

ನಮಸ್ಕಾರ. ಇದು ಮೆಲ್ಬರ್ನ್‌ನಲ್ಲಿರುವ ನಮ್ಮ ಮನೆ. ನನ್ನ ಹಿಂದೆ ಕಾಣುತ್ತಿರುವುದು 1988ರ ಮಾಜ್ದಾ ಆರ್‌ಎಕ್ಸ್-7 ಟರ್ಬೊ. ಎರಡನೇ ತಲೆಮಾರಿನ ಈ ಕಾರನ್ನು ಇಲ್ಲಿನವರು ಸೀರೀಸ್ 4 ಎಂದು ಕರೆಯುತ್ತಾರೆ. ಇಂಜಿನ್ ಹೆಸರು 13ಬಿ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಕಡಲೆಕಾಯಿಯಂತೆ ನಡುವೆ ತುಸು ಸಣ್ಣಗಾದ ಎರಡು ಗೂಡುಗಳು, ಒಂದೊಂದರಲ್ಲೂ ಉಬ್ಬಿದ ಬದಿಗಳ ಒಂದು ತ್ರಿಕೋನ, ಅಂದರೆ ರೋಟರ್, ತಿರುಗುತ್ತದೆ. ಒಂದೊಂದು ಗೂಡಿನ ಅಳತೆ 654 ಸಿಸಿ, ಒಟ್ಟು 1308. ಇಷ್ಟು ಸಣ್ಣ ಇಂಜಿನ್ ಏಳು ಸಾವಿರ ಆರ್‌ಪಿಎಂ ತನಕ ನಡುಗದೆ ಏರುವುದನ್ನು ಒಮ್ಮೆ ಕೇಳಿದವರು ಅದನ್ನು ಮರೆಯುವುದಿಲ್ಲ. ನಾನಂತೂ ಮರೆಯಲಿಲ್ಲ.

ತ್ರಿಕೋನದ ಮೂರು ಮೂಲೆಗಳಲ್ಲಿ ಈ ಪಟ್ಟಿಗಳು ಕೂತಿರುತ್ತವೆ. ಗೋಡೆಗೆ ಸದಾ ಒತ್ತಿಕೊಂಡು ಜಾರುತ್ತಾ, ಉರಿಯುವ ಅನಿಲ ಪಕ್ಕದ ಕೋಣೆಗೆ ನುಗ್ಗದಂತೆ ತಡೆಯುವುದು ಅವುಗಳ ಕೆಲಸ. 1960ರ ದಶಕದಲ್ಲಿ ಹಿರೋಷಿಮಾದಲ್ಲಿ ಮಾಜ್ದಾದ ಇಂಜಿನಿಯರ್ ಕೆನಿಚಿ ಯಮಾಮೊಟೊ ಮತ್ತು ಅವರ ತಂಡ ಎಲ್ಲಕ್ಕಿಂತ ಹೆಚ್ಚು ಹೆಣಗಾಡಿದ್ದು ಇದರ ಜೊತೆಗೇ. ಸೀಲುಗಳು ಅದುರಿ ಅದುರಿ ಗೂಡಿನ ಒಳಗೋಡೆಯಲ್ಲಿ ಅಲೆಅಲೆಯಾಗಿ ಗೀರುಗಳನ್ನು ಮೂಡಿಸುತ್ತಿದ್ದವು. ಆ ಗೀರುಗಳಿಗೆ ಅವರು ಇಟ್ಟ ಹೆಸರು ದೆವ್ವದ ಉಗುರಿನ ಗುರುತು. ಅದನ್ನು ಗೆದ್ದ ಮೇಲೆಯೇ 1967ರಲ್ಲಿ ಮಾಜ್ದಾದ ಕಾಸ್ಮೊ ಸ್ಪೋರ್ಟ್ ಕಾರು ರಸ್ತೆಗಿಳಿದದ್ದು. 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ 787ಬಿ ಕಾರಿನ ನಾಲ್ಕು ರೋಟರುಗಳ ಇಂಜಿನ್‌ನಲ್ಲಿ ಈ ಪಟ್ಟಿಗಳು ಸೆರಾಮಿಕ್‌ನವು. ರೋಟರಿ ಇಂಜಿನ್‌ನ ಚರಿತ್ರೆ ಎಂದರೆ ಬಹುಪಾಲು ಈ ಪಟ್ಟಿಯ ಚರಿತ್ರೆಯೇ.

ನನ್ನ ಪಟ್ಟಿ ಮುರಿದದ್ದು ಹೇಗೆ?

ನಾನು ಕೊಳ್ಳುವ ಮೊದಲೇ ಯಾರೋ ಈ ಕಾರಿಗೆ ದೊಡ್ಡ ಸೈಲೆನ್ಸರ್ ಪೈಪ್ ಹಾಕಿಸಿದ್ದರು. ಟರ್ಬೊದಿಂದ ಹಿಂಬದಿಯವರೆಗೆ ಮೂರು ಇಂಚಿನ ಕೊಳವೆ. ಸದ್ದು ಅದ್ಭುತವಾಗಿತ್ತು, ಪಿಕಪ್ ಕೂಡ ಹೆಚ್ಚಿತ್ತು. ಆದರೆ ಸೀರೀಸ್ 4 ಟರ್ಬೊದ ವೇಸ್ಟ್‌ಗೇಟ್ ತೀರಾ ಚಿಕ್ಕದು. ವೇಸ್ಟ್‌ಗೇಟ್ ಎಂದರೆ ಕೆರೆಗೆ ಕೋಡಿ ಇದ್ದಂತೆ. ಹೊಗೆ ಹೆಚ್ಚಾದಾಗ ಟರ್ಬೊ ಚಕ್ರವನ್ನು ಬಿಟ್ಟು ಪಕ್ಕದಿಂದ ಹರಿದುಹೋಗಲು ಇರುವ ದಾರಿ. ಕೊಳವೆ ದೊಡ್ಡದಾಗಿ ಹೊಗೆಯ ಹರಿವು ಸಲೀಸಾಯಿತು, ಕೋಡಿ ಮಾತ್ರ ಇದ್ದಷ್ಟೇ ಉಳಿಯಿತು. ಹಾಗಾಗಿ ಆರ್‌ಪಿಎಂ ಏರಿದಂತೆ ಬೂಸ್ಟ್, ಅಂದರೆ ಟರ್ಬೊ ಇಂಜಿನ್ನಿಗೆ ತುರುಕುವ ಗಾಳಿಯ ಒತ್ತಡ, ತಾನಾಗಿಯೇ ಏರುತ್ತಾ ಹೋಗುತ್ತದೆ. ಕಂಪನಿಯವರು ಇಟ್ಟ ಬೂಸ್ಟ್ ಆರು ಪಿಎಸ್ಐ ಆಸುಪಾಸು. ಎಂಟೂವರೆ ದಾಟಿದರೆ ಕಾರಿನ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಇಂಜಿನ್ನನ್ನು ಕಾಪಾಡುತ್ತದೆ. ಆ ಕಾವಲನ್ನೂ ಯಾರೋ ತಂತಿ ಬದಲಿಸಿ ತೆಗೆದುಹಾಕಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಜುಲೈ ತಿಂಗಳ ರಾತ್ರಿ. ಇಲ್ಲಿ ಅದು ಚಳಿಗಾಲ, ಗಾಳಿ ಸಾಂದ್ರವಾಗಿರುತ್ತದೆ, ಬೂಸ್ಟ್ ಇನ್ನಷ್ಟು ಏರುತ್ತದೆ. ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಲರೇಟರ್ ಕೊಟ್ಟೆ. ಬೂಸ್ಟ್ ಗೇಜಿನ ಮುಳ್ಳು ಹನ್ನೆರಡಕ್ಕೆ ಹೋದದ್ದನ್ನು ಕಂಡೆ. ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ ಮಿಶ್ರಣ ತೆಳುವಾಗಿ ನಾಕಿಂಗ್ ಶುರುವಾಯಿತು, ಅಂದರೆ ಅದು ಸಮವಾಗಿ ಉರಿಯದೆ ಒಮ್ಮೆಲೇ ಸಿಡಿಯತೊಡಗಿತು. ಪಿಸ್ಟನ್ ಇಂಜಿನ್ ನಾಕಿಂಗನ್ನು ಸ್ವಲ್ಪ ಹೊತ್ತು ತಾಳಿಕೊಳ್ಳಬಹುದು. ಎರಡು ಮಿಲಿಮೀಟರ್ ದಪ್ಪದ ಕಬ್ಬಿಣ ತಾಳುವುದಿಲ್ಲ. "ಟಣ್" ಎಂದು ಒಂದೇ ಸದ್ದು. ಆಮೇಲೆ ಕಾರು ಜ್ವರ ಬಂದವರಂತೆ ಗಡಗಡ ನಡುಗುತ್ತಾ ಬದಿಗೆ ಬಂದು ನಿಂತಿತು.

ಮರುದಿನ ಪ್ಲಗ್ ಬಿಚ್ಚಿ, ಕೋಣೆಗಳ ಒತ್ತಡ ಅಳೆಯಲು ಒಳಗಿನ ತಡೆವಾಲ್ವ್ ತೆಗೆದ ಗೇಜ್ ಸಿಕ್ಕಿಸಿ ಸ್ಟಾರ್ಟರ್ ತಿರುಗಿಸಿದೆ. ಆರೋಗ್ಯವಾಗಿರುವ ರೋಟರ್ "ಬುಸ್, ಬುಸ್, ಬುಸ್" ಎಂದು ಮೂರು ಸಮನಾದ ಉಸಿರು ಬಿಡುತ್ತದೆ. ಹಿಂದಿನ ರೋಟರ್ ಒಂದೇ ಒಂದು ಉಸಿರು ಬಿಟ್ಟಿತು, ಉಳಿದೆರಡು ಇಲ್ಲವೇ ಇಲ್ಲ. ಒಂದು ಸೀಲ್ ಎರಡು ಕೋಣೆಗಳ ನಡುವಿನ ಗೋಡೆ. ಅದು ಹೋದರೆ ಎರಡೂ ಕೋಣೆಗಳು ಹೋದವು. ಮುರಿದ ಚೂರು ಹೊಗೆಯ ಜೊತೆ ಹೊರಟು ಟರ್ಬೊದ ಚಕ್ರಕ್ಕೂ ಬಡಿದಿತ್ತು.

ಹಾಗಾಗಿ ಈ ಸಲ ನಾನು ಮಾಡಿಸಿದ ಪ್ರತಿಯೊಂದು ಬದಲಾವಣೆಗೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದರಿಂದ ಆ ಪಟ್ಟಿಯ ಮೇಲಿನ ಹೊರೆ ಇಳಿಯುತ್ತದೆಯೇ, ಏರುತ್ತದೆಯೇ?

ಇಂಜಿನ್ ಹೊಸದಾಗಿ ಕಟ್ಟಿದ್ದು ಅರವತ್ತು ದಾಟಿದ ಒಬ್ಬ ಮೆಕ್ಯಾನಿಕ್. 1983ರಲ್ಲಿ ಆಲನ್ ಮೊಫಾಟ್ ಆರ್‌ಎಕ್ಸ್-7ರಲ್ಲಿ ಆಸ್ಟ್ರೇಲಿಯಾದ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಗೆದ್ದಾಗ ಇವರು ಹುಡುಗ. ಆ ಕಾಲದ ಹುಚ್ಚು ಹಿಡಿದವರು ಇಲ್ಲಿ ಇನ್ನೂ ಇದ್ದಾರೆ, ನಮ್ಮ ಅದೃಷ್ಟ. ಬ್ರಿಜ್ ಪೋರ್ಟ್ ಮಾಡಿಕೊಡಲೇ ಎಂದು ಅವರು ಕೇಳಿದರು. ಗಾಳಿ ಬರುವ ದಾರಿಯನ್ನು ಕೊರೆದು ಹಿಗ್ಗಿಸುವ ಕೆಲಸ ಅದು. ನಿಂತಾಗ ಬಿಟ್ಟುಬಿಟ್ಟು ಗುಡುಗುವ ಆ ಸದ್ದು ನನಗೆ ಬಲು ಇಷ್ಟ. ಆದರೆ ದಿನಬಳಕೆಯ ರಸ್ತೆಗೆ ಅದು ಸಲ್ಲದು, ಪೆಟ್ರೋಲ್ ಕುಡಿಯುತ್ತದೆ, ಕೆಳ ಆರ್‌ಪಿಎಂನಲ್ಲಿ ಎಳೆತವೇ ಇರುವುದಿಲ್ಲ. ಬೇಡ ಎಂದೆ. ಪೋರ್ಟುಗಳು ಮೊದಲಿನಂತೆಯೇ ಉಳಿದವು.

ಮೊದಲ ಖರ್ಚು ತಂಪಿಗೆ. ಪೂರ್ತಿ ಅಲ್ಯೂಮಿನಿಯಂನ ದಪ್ಪ ರೇಡಿಯೇಟರ್, ಹೊಸ ಥರ್ಮೋಸ್ಟಾಟ್, ಹೊಸ ಹೋಸುಗಳು. ಆಯಿಲ್ ಕೂಲರನ್ನು ಬಿಚ್ಚಿ ತೊಳೆದು, ಗಾಳಿ ಪಕ್ಕಕ್ಕೆ ತಪ್ಪಿಸಿಕೊಂಡು ಹೋಗದಂತೆ ಸುತ್ತ ತಗಡು ಕಟ್ಟಿದೆ. ರೋಟರುಗಳನ್ನು ಒಳಗಿನಿಂದ ತಣಿಸುವುದು ಇಂಜಿನ್ ಆಯಿಲ್, ಆದ್ದರಿಂದ ಇಲ್ಲಿ ಆಯಿಲ್ ಕೂಲರಿಗೆ ರೇಡಿಯೇಟರಿನಷ್ಟೇ ಮರ್ಯಾದೆ. ಇಂಟರ್‌ಕೂಲರ್, ಅಂದರೆ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ, ಮೂಲದಲ್ಲಿ ಇಂಜಿನ್ ಮೇಲೆಯೇ ಕೂತಿತ್ತು. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಅದನ್ನು ಮುಟ್ಟಲಾಗುತ್ತಿರಲಿಲ್ಲ. ಅದನ್ನು ಬಂಪರಿನ ಹಿಂದಕ್ಕೆ ತಂದೆ. ಅಲ್ಲಿ ಅದು ರೇಡಿಯೇಟರಿನ ಗಾಳಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ದಪ್ಪ ರೇಡಿಯೇಟರ್ ಮೊದಲು ಬಂದದ್ದು.

ಆಮೇಲೆ ಪೆಟ್ರೋಲ್. ಹೊಸ ಪಂಪ್. ಎರಡನೇ ಹಂತದಲ್ಲಿ ತೆರೆಯುವ ನಿಮಿಷಕ್ಕೆ 550 ಸಿಸಿ ಪೆಟ್ರೋಲ್ ಚಿಮ್ಮಿಸುವ ಎರಡು ಇಂಜೆಕ್ಟರುಗಳ ಜಾಗಕ್ಕೆ 720 ಸಿಸಿಯವು. ಈ ತಲೆಮಾರಿನ ಕಾರು ಇರುವವರು ದಯವಿಟ್ಟು ಒಂದು ಭಾಗವನ್ನು ಇಂದೇ ನೋಡಿಕೊಳ್ಳಿ: ಇಂಜೆಕ್ಟರುಗಳಿಗೆ ಪೆಟ್ರೋಲ್ ಒಯ್ಯುವ ಫ್ಯೂಯಲ್ ರೈಲಿನ ಮೇಲಿರುವ, ಒತ್ತಡದ ಏರಿಳಿತ ತಗ್ಗಿಸುವ ಪಲ್ಸೇಶನ್ ಡ್ಯಾಂಪರ್. ಹಳತಾದಂತೆ ಅದು ಪೆಟ್ರೋಲ್ ಸೋರುತ್ತದೆ, ಕೆಳಗೆ ಕಾದ ಇಂಜಿನ್ ಇರುತ್ತದೆ. ಎಷ್ಟೋ ಕಾರುಗಳು ಸುಟ್ಟದ್ದು ಹೀಗೆ.

ಹಳೆಯ ಕಂಪ್ಯೂಟರ್ ಹೋಗಿ ನಮಗೆ ಬೇಕಾದಂತೆ ಹೊಂದಿಸಬಹುದಾದ ಹೊಸದು ಬಂತು. ಮಿಶ್ರಣ ಎಷ್ಟು ದಪ್ಪ, ಎಷ್ಟು ತೆಳು ಎಂದು ತೋರಿಸುವ ವೈಡ್‌ಬ್ಯಾಂಡ್ ಗೇಜ್ ಬಂತು. ಟರ್ಬೊ ಬಿಚ್ಚಿದ್ದಾಗಲೇ ವೇಸ್ಟ್‌ಗೇಟಿನ ಬಾಯಿಯನ್ನು ಅರೆದು ಅಗಲಿಸಿದೆವು. ಈಗ ತೆರೆಯ ಮೇಲೆ ಕಾಣುತ್ತಿರುವುದು ಅದೇ. ಎಡಗಡೆ ಹಳೆಯದು, ನಾಲ್ಕಾಣೆ ಅಗಲವೂ ಇಲ್ಲ. ಬಲಗಡೆ ಅರೆದ ಮೇಲಿನದು. ಇಷ್ಟಾದ ಮೇಲೆಯೇ ಆ ಮೂರು ಇಂಚಿನ ಕೊಳವೆಯನ್ನು ಮತ್ತೆ ಕಟ್ಟಿದ್ದು. ಅದೇ ಕೊಳವೆ. ಅದರಲ್ಲಿ ತಪ್ಪಿರಲಿಲ್ಲ, ಅದು ಬಂದ ಸರದಿ ತಪ್ಪಾಗಿತ್ತು.

ಬೂಸ್ಟ್ ಹತ್ತು ಪಿಎಸ್ಐಗೆ ನಿಲ್ಲಿಸಿದ್ದೇವೆ. ಇಂಜಿನ್ನಿನ ಶಕ್ತಿ ಅಳೆಯುವ ಡೈನೊ ಮೇಲೆ ಕೊನೆಯ ತನಕ ಮುಳ್ಳು ಅಲ್ಲಿಂದ ಕದಲಲಿಲ್ಲ. ಎಷ್ಟು ಕಿಲೋವಾಟ್ ಎಂದು ಎಲ್ಲರೂ ಕೇಳುತ್ತಾರೆ, ನನಗೆ ಸಂತೋಷ ಕೊಟ್ಟದ್ದು ಆ ಕದಲದ ಮುಳ್ಳು.

ಇನ್ನೊಂದು ಮಾತು. ಮಾಜ್ದಾ ಈ ಇಂಜಿನ್‌ಗೆ ಒಂದು ಸಣ್ಣ ಪಂಪ್ ಕೊಟ್ಟಿದೆ. ಅದು ಇಂಜಿನ್ ಆಯಿಲನ್ನೇ ತೊಟ್ಟುತೊಟ್ಟಾಗಿ ಒಳಗೆ ಬಿಟ್ಟು ಸೀಲುಗಳಿಗೆ ಜಾರು ಕೊಡುತ್ತದೆ. ಅದರ ಜೊತೆಗೆ ನಾನು ಪೆಟ್ರೋಲ್ ಲೀಟರಿಗೆ 5 ಎಂ.ಎಲ್. ಟೂ ಸ್ಟ್ರೋಕ್ ಆಯಿಲ್ ಕೂಡ ಬೆರೆಸುತ್ತೇನೆ. ಮೊದಲ ಸಲ ಬಂಕಿನಲ್ಲಿ ಅಳೆದು ಹಾಕುತ್ತಿದ್ದಾಗ ಮೈಸೂರಿನಿಂದ ಅಪ್ಪ ವಿಡಿಯೊ ಕರೆಯಲ್ಲಿದ್ದರು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿಯನ್ನು ಇಪ್ಪತ್ತು ವರ್ಷ ಓಡಿಸಿದವರು ಅವರು.

"ಅಷ್ಟು ದುಬಾರಿ ಕಾರಿಗೂ ಟೂ ಸ್ಟ್ರೋಕ್ ಆಯಿಲ್ ಹಾಕಬೇಕೇನೋ?" ಎಂದರು.

"ಹೌದಪ್ಪಾ, ಸೀಲ್ ಸವೆಯಬಾರದಲ್ಲ."

"ಹಾಗಾದರೆ ಆಯಿಲ್ ಮೊದಲು ಹಾಕು, ಪೆಟ್ರೋಲ್ ಆಮೇಲೆ. ಆಗಲೇ ಸರಿಯಾಗಿ ಬೆರೆಯುವುದು."

ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.

ಹೊಸ ಸೀಲುಗಳು ಗೋಡೆಗೆ ಹೊಂದಿಕೊಳ್ಳಲೆಂದು ಮೊದಲ 1,500 ಕಿಲೋಮೀಟರ್ ಬೂಸ್ಟ್ ಬಾರದಂತೆ ಮೆಲ್ಲಗೆ ಓಡಿಸಿದೆ. ಹೋದ ಶನಿವಾರ ಸ್ಯಾಂಡೌನ್ ಟ್ರ್ಯಾಕಿನಲ್ಲಿ ತಲಾ ಹದಿನೈದು ನಿಮಿಷದಂತೆ ಮೂರು ಸಲ ಅಭ್ಯಾಸ. ಹಿಂಬದಿಯ ನೇರದಾರಿಯಲ್ಲಿ ಇಂಜಿನ್ ಹಾಡಿದ್ದನ್ನು ನೀವು ಈಗಷ್ಟೇ ಕೇಳಿದಿರಿ, ಆ ಭಾಗಕ್ಕೆ ನಾನು ಸಂಗೀತ ಹಾಕಿಲ್ಲ.

ಇದು ಭಾನುವಾರದ ಬೆಳಿಗ್ಗೆ. ಇಂಜಿನ್ ಬೆಚ್ಚಗಾಗಿಸಿ ಮತ್ತೆ ಪ್ಲಗ್ ಬಿಚ್ಚಿದ್ದೇನೆ, ಗೇಜ್ ಸಿಕ್ಕಿಸಿದ್ದೇನೆ. ಮುಂದಿನ ರೋಟರ್: ಬುಸ್, ಬುಸ್, ಬುಸ್. ಈಗ ಹಿಂದಿನದು. ಸ್ವಲ್ಪ ಹೊತ್ತು ನಾನು ಮಾತಾಡುವುದಿಲ್ಲ, ನೀವೇ ಎಣಿಸಿ.