ಡಿಸ್ಕ್ "ಆಗಲ್ಲ" ಅಂದಾಗ ಏನಾಗುತ್ತೆ?

ನಮಸ್ಕಾರ್ರೀ. ಇವತ್ತು ಬರೀ 18 ಸಾಲಿನ ಒಂದು ಪ್ಯಾಚ್ ಬಗ್ಗೆ, ಅಂದರೆ ಕೋಡ್‌ಗೆ ಮಾಡುವ ಒಂದು ಸಣ್ಣ ತಿದ್ದುಪಡಿ ಬಗ್ಗೆ, ಮಾತಾಡಬೇಕು.

ಒಂದು ಓಪನ್ ಸೋರ್ಸ್ ಡೇಟಾಬೇಸ್‌ಗೆ ಬಂದ ಬಗ್ ಫಿಕ್ಸ್ ಅದು. ಸೆಟ್ಟಿಂಗ್ಸ್ ಫೈಲ್ ಬರೆಯುವಾಗ ನಡುವೆ ಕರೆಂಟ್ ಹೋದರೆ ಫೈಲ್ ಅರ್ಧಕ್ಕೇ ನಿಲ್ಲುತ್ತಿತ್ತು. ವಿಜಯಪುರದ ಬೇಸಿಗೆಯಲ್ಲಿ ಕರೆಂಟ್ ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ಯಾಚ್ ಬರೆದವರು ಹಿಡಿದ ದಾರಿ ಒಳ್ಳೆಯದೇ. ಮೊದಲು ಬೇರೆ ಹೆಸರಿನ ಫೈಲಿಗೆ ಬರೆಯುವುದು. ಬರೆದದ್ದು ಮೊದಲು ಮೆಮೊರಿಯಲ್ಲೇ ಇರುತ್ತದೆ, ಹಾಗಾಗಿ ಎಫ್‌ಸಿಂಕ್ ಅನ್ನುವ ಫಂಕ್ಷನ್ ಕರೆದು ಅದನ್ನು ಡಿಸ್ಕ್‌ಗೆ ಇಳಿಸುವುದು. ಆಮೇಲೆ ರಿನೇಮ್ ಮಾಡಿ ಹಳೆಯ ಫೈಲಿನ ಜಾಗಕ್ಕೆ ತರುವುದು. ನಾನು ನೋಡುವ ಹೊತ್ತಿಗೆ ಇಬ್ಬರು ಓದಿ "ಸರಿಯಾಗಿದೆ" ಅಂದಾಗಿತ್ತು. ಟೆಸ್ಟ್ ಎಲ್ಲಾ ಪಾಸ್.

ನಾನು ಕೋಡ್ ಓದುವ ಮೊದಲು ಅದನ್ನು ಕೆಡಿಸಿ ನೋಡಿದೆ. ಲಿನಕ್ಸ್‌ನಲ್ಲಿ ಎಸ್‌ಟ್ರೇಸ್ ಅಂತ ಒಂದು ಟೂಲ್ ಇದೆ. ಪ್ರೋಗ್ರಾಂ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹತ್ತಿರ ಏನೇನು ಕೇಳುತ್ತದೆ ಅಂತ ಅದು ತೋರಿಸುತ್ತದೆ. ಬೇಕಾದರೆ ಕರ್ನಲ್ ಬದಲು ನಾವು ಹೇಳಿದ ಉತ್ತರವನ್ನೇ ಕೊಡುತ್ತದೆ. ಎಫ್‌ಸಿಂಕ್ ಕರೆದಾಗೆಲ್ಲ "ಇನ್‌ಪುಟ್ ಔಟ್‌ಪುಟ್ ಎರರ್" ಅನ್ನು ಅಂತ ಅದಕ್ಕೆ ಹೇಳಿದೆ. ಆಮೇಲೆ ಒಂದು ಸೆಟ್ಟಿಂಗ್ ಬದಲಿಸಿದೆ. ಡಿಸ್ಕ್ "ನನ್ನಿಂದ ಆಗಲ್ಲ" ಅಂದಿತು. ಡೇಟಾಬೇಸ್ ಮಾತ್ರ ನನಗೆ "ಉಳಿಸಲಾಗಿದೆ" ಅಂದಿತು.

ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಓಡಿಸಿದೆ. ಅದೇ ಮಾತು. ಕೋಡ್ ತೆಗೆದು ನೋಡಿದರೆ ಎಫ್‌ಸಿಂಕ್ ಕರೆದಿದ್ದಾರೆ, ಅದು ಏನು ಉತ್ತರ ಕೊಟ್ಟಿತು ಅಂತ ಕೇಳಿಸಿಕೊಂಡೇ ಇಲ್ಲ.

ಇದು ಸಣ್ಣ ತಪ್ಪು ಅಂತ ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ. ನಮ್ಮ ಕಾಕಾ ಇಲ್ಲೇ ಎಪಿಎಂಸಿಯಲ್ಲಿ ಒಣದ್ರಾಕ್ಷಿಯ ದಲಾಲಿ ಅಂಗಡಿ ನಡೆಸುತ್ತಿದ್ದರು. ಅವರ ಹತ್ತಿರ ಎರಡು ಪುಸ್ತಕ: ಕಿರ್ದಿ, ಖಾತೆ. ಯಾರ ಮಾಲು ಎಷ್ಟು ಬಂತು, ಯಾರಿಗೆ ಎಷ್ಟು ರೊಕ್ಕ ಹೋಯಿತು ಅಂತ ಆಗಿಂದಾಗಲೇ ಕಿರ್ದಿಯಲ್ಲಿ ಬೀಳುತ್ತಿತ್ತು. ಸಂಜೆ ಕೂತು ಒಬ್ಬೊಬ್ಬ ರೈತರ ಖಾತೆಗೂ ಏರಿಸುತ್ತಿದ್ದರು. ಎಲ್ಲಾ ಏರಿದ ಮೇಲೆ ಕಿರ್ದಿಯಲ್ಲಿ ಅಡ್ಡ ಒಂದು ಗೆರೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಮಾಡುವುದೂ ಇದನ್ನೇ. ವಾಲ್ ಅನ್ನುವುದು ಅದರ ಕಿರ್ದಿ, ಟೇಬಲ್ ಫೈಲುಗಳು ಅದರ ಖಾತೆ, ಚೆಕ್‌ಪಾಯಿಂಟ್ ಅನ್ನುವುದು ಆ ಗೆರೆ. ಗೆರೆ ಎಳೆದ ಮೇಲೆ ಹಳೆಯ ವಾಲ್ ಫೈಲುಗಳನ್ನು ಅಳಿಸುತ್ತದೆ, ಇಲ್ಲವೇ ಮತ್ತೆ ಬಳಸುತ್ತದೆ. ಹಾಗಾದರೆ ಖಾತೆಗೆ ಏರದೇ ಗೆರೆ ಎಳೆದುಬಿಟ್ಟರೆ? ಆ ರೈತರ ರೊಕ್ಕಕ್ಕೆ ಎಲ್ಲೂ ದಾಖಲೆ ಇರಲ್ಲ, ಅಲ್ವಾ?

ಇದು ಸುಮ್ನೆ ಊಹೆಯಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಮಂದಿಯ ಮುಂದೆ ಇದೇ ಬಂದು ನಿಂತಿತು. ಎಫ್‌ಸಿಂಕ್ ಸೋತರೆ ಮುಂದಿನ ಸಲ ಮತ್ತೆ ಕರೆದರಾಯಿತು ಅಂತ ಅಷ್ಟು ವರ್ಷ ಅವರ ಕೋಡ್ ನಂಬಿಕೊಂಡಿತ್ತು. ಆದರೆ ಲಿನಕ್ಸ್ ಒಮ್ಮೆ ಎರರ್ ಹೇಳಿದ ಮೇಲೆ, ಡಿಸ್ಕ್‌ಗೆ ಇಳಿಯದ ಪುಟಗಳನ್ನೂ (ಮೆಮೊರಿಯಲ್ಲಿರುವ ಡೇಟಾದ ತುಂಡುಗಳು) ಇಳಿದಂತೆಯೇ ಲೆಕ್ಕ ಹಿಡಿಯುತ್ತಿತ್ತು. ಎರಡನೇ ಸಲ ಕೇಳಿದರೆ "ಎಲ್ಲಾ ಸರಿ" ಅನ್ನುತ್ತಿತ್ತು. ಚೆಕ್‌ಪಾಯಿಂಟ್ ಅದನ್ನು ನಂಬಿ ಗೆರೆ ಎಳೆಯುತ್ತಿತ್ತು. 2019ರ ಫೆಬ್ರವರಿಯಲ್ಲಿ ಬಂದ 11.2ರಲ್ಲಿ, ಅದರ ಜೊತೆ ಹಳೆಯ ಆವೃತ್ತಿಗಳಲ್ಲೂ, ಇದನ್ನು ಬದಲಿಸಿದರು. ಈಗ ಡೇಟಾ ಫೈಲಿನ ಎಫ್‌ಸಿಂಕ್ ಸೋತರೆ ಡೇಟಾಬೇಸ್ ಅಲ್ಲೇ ನಿಲ್ಲುತ್ತದೆ. ಮತ್ತೆ ಎದ್ದು ವಾಲ್ ಓದಿ ಖಾತೆ ಹೊಸದಾಗಿ ಬರೆಯುತ್ತದೆ.

ಒಂದು ಎರರ್‌ಗೆ ಇಡೀ ಸರ್ವರ್ ಬೀಳಿಸುವುದಾ ಅಂತ ನೀವು ಕೇಳಬಹುದು. ಬೀಳಲಿ ಅಂತ ನಾನು ಹೇಳುತ್ತೇನೆ. ಬಿದ್ದ ಸರ್ವರ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಹತ್ತು ನಿಮಿಷದಲ್ಲಿ ಯಾರಾದರೂ ಓಡಿ ಬರುತ್ತಾರೆ. ಕಾಣೆಯಾದ ಪುಟ ಆರು ತಿಂಗಳು ಬಿಟ್ಟು ಗೊತ್ತಾಗುತ್ತದೆ, ಅಷ್ಟೊತ್ತಿಗೆ ಬ್ಯಾಕಪ್‌ನಲ್ಲೂ ಅದು ಇರುವುದಿಲ್ಲ.

ಮತ್ತೆ ನಮ್ಮ ಪ್ಯಾಚ್‌ಗೆ ಬರೋಣ. ಇನ್ನೆರಡು ತೊಂದರೆ ಇದ್ದವು. ತಾತ್ಕಾಲಿಕ ಫೈಲನ್ನು ಟೆಂಪ್ ಫೋಲ್ಡರ್‌ನಲ್ಲಿ ಇಟ್ಟಿದ್ದರು. ಅದು ಡಿಸ್ಕ್‌ನ ಬೇರೆ ಪಾರ್ಟಿಷನ್ (ಬೇರೆ ಭಾಗ) ಆಗಿದ್ದರೆ ರಿನೇಮ್ ಆಗುವುದೇ ಇಲ್ಲ. ಮತ್ತೊಂದು, ರಿನೇಮ್ ಆದ ಮೇಲೆ ಫೈಲ್ ಇರುವ ಡೈರೆಕ್ಟರಿಗೂ (ಫೋಲ್ಡರ್‌ಗೂ) ಎಫ್‌ಸಿಂಕ್ ಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಹೊಸ ಹೆಸರು ಅಲ್ಲಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಪೋಸ್ಟ್‌ಗ್ರೆಸ್ 2016ರಲ್ಲಿ 9.5.2 ತಂದಾಗ ಇದನ್ನು ಸರಿಮಾಡಿತ್ತು.

ಮೊದಲು ಓದಿದ ಇಬ್ಬರೂ ತಿಳಿದವರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಓದಿದ್ದು ಸೇರಿಸಿದ ಸಾಲುಗಳನ್ನು ಮಾತ್ರ. ತೊಂದರೆ ಇದ್ದದ್ದು ಬರೆಯದೇ ಬಿಟ್ಟ ಸಾಲುಗಳಲ್ಲಿ. ಟೆಸ್ಟ್ ಪಾಸ್ ಆದದ್ದೂ ಅದಕ್ಕೇ. ಒಂದು ಟೆಸ್ಟ್‌ನಲ್ಲೂ ಡಿಸ್ಕ್ ಕೆಡುತ್ತಿರಲಿಲ್ಲ. ಫೈಲ್ ಮುಟ್ಟುವ ಪ್ಯಾಚ್‌ಗೆ "ಸರಿಯಾಗಿದೆ" ಅನ್ನುವವರು, ಒಮ್ಮೆಯಾದರೂ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಸೋಲಿಸಿ ನೋಡಿರಬೇಕು. ನಾನು ಇದನ್ನು ಕೇಳಿಯೇ ಕೇಳುತ್ತೇನೆ. ಸಿ ಪ್ರೋಗ್ರಾಮಿಂಗ್ ಕಲಿತ ಹುಡುಗ ಹುಡುಗಿಯರು ವಿಜಯಪುರ, ಬಾಗಲಕೋಟೆಯಲ್ಲಿ ಜಾಸ್ತಿ ಇದ್ದಾರೆ. ಪ್ಯಾಚ್ ಬರೆಯಲು ಧೈರ್ಯ ಬರದಿದ್ದರೆ ಹೀಗೆ ಬೇರೆಯವರ ಪ್ಯಾಚ್ ಸೋಲಿಸಿ ನೋಡುವುದರಿಂದ ಶುರು ಮಾಡಿ ನೋಡ್ರಿ.

ಪ್ಯಾಚ್ ಬರೆದವರಿಗೆ ನಾನು ಓಡಿಸಿದ ಕಮಾಂಡ್, ಅದರ ಔಟ್‌ಪುಟ್, ಎರಡನ್ನೂ ಕಳಿಸಿದೆ. ಎರಡೇ ದಿನದಲ್ಲಿ ಹೊಸ ಪ್ಯಾಚ್ ಬಂತು, 43 ಸಾಲು. ಅದೇ ಕಮಾಂಡ್ ಮತ್ತೆ ಓಡಿಸಿದೆ. "ಉಳಿಸಲು ಆಗಲಿಲ್ಲ" ಅಂದಿತು. ಹಳೆಯ ಫೈಲ್ ತೆರೆದು ನೋಡಿದೆ, ಒಂದು ಅಕ್ಷರವೂ ಬದಲಾಗಿರಲಿಲ್ಲ. ಡಿಸ್ಕ್ ತುಂಬಿದಾಗ ಏನಾಗುತ್ತೆ ಅನ್ನುವುದು ಇನ್ನೂ ಬಾಕಿ ಇದೆ. ಇವತ್ತು ರಾತ್ರಿ ಅದನ್ನು ನೋಡುತ್ತೇನೆ.