ಟ್ಯೂಬಿಗೂ ಮುಂಚಿನ ಅರ್ಧ ಗಂಟೆ
(ವಿಶ್ವ ಅರಿವಳಿಕೆ ದಿನದಂದು ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸ)

ಗೆಳೆಯರೇ, 1846ರ ಅಕ್ಟೋಬರ್ 16, ಬಾಸ್ಟನ್, ಮಾರ್ಟನ್, ಈಥರ್: ಈಥರ್ ಮೂಸಿಸಿ ನೋವಿಲ್ಲದ ಆಪರೇಷನ್ ಲೋಕಕ್ಕೆ ತೋರಿಸಿದ ಈ ಕಥೆಯನ್ನು ವರ್ಷಾ ವರ್ಷ ಕೇಳಿದ್ದೀರಿ, ಇವತ್ತು ಬೇಡ. ಹೊರಗೆ ಬೆಣ್ಣೆ ದೋಸೆ ಕಾದಿದೆ ಅಂತ ಸಂಘಟಕರು ಆಗಲೇ ನನ್ನನ್ನು ಹೆದರಿಸಿದ್ದಾರೆ.

ಶ್ವಾಸನಾಳಕ್ಕೆ ಟ್ಯೂಬ್ ಹಾಕಲು ಗಂಟಲು ನೋಡುವ ಸಾಧನದ ಬ್ಲೇಡ್ ನಾಲಿಗೆಯ ಬುಡವನ್ನು ಎತ್ತಿದಾಗ ರೋಗಿ ನಿದ್ದೆಯಲ್ಲಿರುತ್ತಾನೆ, ಅಪಾಯ ಬಂದಾಗ ಮೈಯನ್ನು ಸಜ್ಜುಗೊಳಿಸುವ ಅವನ ಸಿಂಪಥೆಟಿಕ್ ನರಗಳು ಎಚ್ಚರವಾಗೇ ಇರುತ್ತವೆ. ಅಡ್ರಿನಲಿನ್ ನುಗ್ಗುತ್ತದೆ, ಬಿಪಿ, ನಾಡಿ ಎರಡೂ ಏರುತ್ತವೆ. ರೀಡ್ ಮತ್ತು ಬ್ರೇಸ್ ಎಂಬ ಸಂಶೋಧಕರು 1940ರಲ್ಲೇ ಇದನ್ನು ಬರೆದಿಟ್ಟರು. ಐದ್ಹತ್ತು ನಿಮಿಷಕ್ಕೆ ಇಳಿಯುತ್ತದಲ್ಲ ಅನ್ನುತ್ತೀರಿ. ಇಪ್ಪತ್ತರ ಹುಡುಗನಿಗೆ ಸರಿ. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ, ಮಿದುಳಿನಲ್ಲಿ ಅನ್ಯೂರಿಸಮ್ (ಉಬ್ಬಿದ ರಕ್ತನಾಳ) ಇರುವವರಿಗೆ ಅಷ್ಟೇ ಸಾಕು, ಅನಾಹುತಕ್ಕೆ. ಅದಕ್ಕೇ ನಾನು ಹೇಳ್ತಾನೇ ಇರುತ್ತೇನೆ: ಬ್ಲೇಡ್ ಹದಿನೈದು ಸೆಕೆಂಡಿನೊಳಗೆ ಹೊರಬರಲಿ.

ಈಗ ಡೆಕ್ಸ್‌ಮೆಡೆಟೊಮಿಡಿನ್ ನೆಬ್ಯುಲೈಸೇಶನ್: ಮಂಪರು ತರುವ ಈ ಮದ್ದನ್ನು ಮಂಜಾಗಿಸಿ, ಟ್ಯೂಬಿಗೂ ಅರ್ಧ ಗಂಟೆ ಮುಂಚೆ ಮಾಸ್ಕಿನಿಂದ ಕೊಡುವುದು. ಜಗಳೂರು ಕಡೆಯ ಅಜ್ಜನೊಬ್ಬ ಪಿತ್ತಕೋಶದ ಆಪರೇಷನ್ನಿಗೆ ಬಂದಿದ್ದ. ಮಾಸ್ಕ್ ಹಾಕಿದ್ದೇ ತಡ, ಕಿತ್ತು ಕೈಯಲ್ಲಿ ಹಿಡಿದ. "ದಮ್ಮು ನನ್ ತಮ್ಮಂಗೈತಿ, ನಂಗಲ್ಲ! ಹೆಸ್ರು ಅದ್ಲಿ ಬದ್ಲಿ ಆಗೈತಿ ನೋಡ್ರಿ." ಸಿಸ್ಟರ್ ಕೈಪಟ್ಟಿ ಮತ್ತೊಮ್ಮೆ ನೋಡಿದರು, ಒಳ್ಳೆಯದೇ ಮಾಡಿದರು. ಇದು ಬಿಪಿ ಏರದಂತೆ ಅಂದೆ. "ಹಂಗಾದ್ರ ಮೂಗಿಗ್ಯಾಕ್ರೀ ಹೊಗಿ?" ನಮ್ಮ ಪಿಜಿ ವಿದ್ಯಾರ್ಥಿಗಳು ನಕ್ಕರು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದೇ ಪ್ರಶ್ನೆ ಕೇಳಿದರೆ ನಗು ಹೋಗುತ್ತದೆ!

ನುಂಗಿದರೆ ಈ ಔಷಧದ ಬಹುಪಾಲು ಲಿವರ್‌ನಲ್ಲೇ ಮುಗಿಯುತ್ತದೆ. ಮೂಗು, ಬಾಯಿಯ ಒಳಪೊರೆಯಿಂದ ನೇರ ರಕ್ತಕ್ಕೆ ಸೇರಿ, ಮಿದುಳಿನಲ್ಲಿ ಎಚ್ಚರ ಕಾಯುವ ಕೇಂದ್ರವಾದ ಲೋಕಸ್ ಸೆರುಲಿಯಸ್‌ನಲ್ಲಿ ಎಚ್ಚರಿಸುವ ರಾಸಾಯನಿಕ ನಾರಡ್ರಿನಲಿನ್‌ಗೆ ಕಡಿವಾಣ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಅಜ್ಜ ತೂಕಡಿಸತೊಡಗಿದ. ಕರೆದರೆ ಕಣ್ಣು ಬಿಟ್ಟು "ಹೇಳ್ರಿ" ಅಂದ. ಉಸಿರು ಕುಗ್ಗಲಿಲ್ಲ. ಈ ಮದ್ದಿನ ಗುಣವೇ ಅದು.

ಡೋಸ್ ಸಾಮಾನ್ಯವಾಗಿ ರೋಗಿಯ ತೂಕದ ಕಿಲೋಗೆ 1 ಮೈಕ್ರೋಗ್ರಾಂ. ಮಿಲಿಗೆ 100 ಮೈಕ್ರೋಗ್ರಾಂ ಇರುವ ಆಂಪೂಲ್ ಆದರೆ 60 ಕಿಲೋದವರಿಗೆ 0.6 ಮಿಲಿ, ಉಳಿದದ್ದು ಸಲೈನ್. ಒಂದಷ್ಟು ಮಂಜು ಗಾಳಿಗೇ ಹೋಗುತ್ತದೆ, ಆದ್ದರಿಂದ ಒಳಗೆ ಸೇರಿದ್ದೆಷ್ಟು ಅಂತ ಜಂಬದಿಂದ ಹೇಳಬೇಡಿ. ರಕ್ತನಾಳಕ್ಕೆ ಒಮ್ಮೆಲೇ ಕೊಟ್ಟಾಗ ಬರುವ ನಾಡಿಯ ಕುಸಿತ ಇಲ್ಲಿ ಕಡಿಮೆ; ಇಲ್ಲವೇ ಇಲ್ಲ ಅಂತಲ್ಲ. ಹಾರ್ಟ್ ಬ್ಲಾಕ್ (ರಕ್ತನಾಳದ್ದಲ್ಲ, ಹೃದಯದ ವಿದ್ಯುತ್ ಸಂಕೇತದ ತಡೆ) ಇದ್ದವರಿಗೆ ಬೇಡ, ನಾಡಿ ನಿಧಾನಿಸುವ ಬೀಟಾ ಬ್ಲಾಕರ್ ನುಂಗುವವರಲ್ಲಿ ಹುಷಾರು. ಮಾಸ್ಕ್ ಹಾಕಿ ರೋಗಿಯನ್ನು ಕಾರಿಡಾರಿನಲ್ಲಿ ಬಿಟ್ಟು ಚಹಾಕ್ಕೆ ಹೋಗುವವರಿಗೆ ನಾನು ಈ ಮದ್ದೇ ಕೊಡುವುದಿಲ್ಲ. ಮದ್ದು ಕೊಟ್ಟಾಯ್ತು, ಬ್ಲೇಡ್ ಹಾಕಿ ನಿಧಾನ ನೋಡೋಣ ಅನ್ನುವ ಕೈಗೂ ಅಷ್ಟೇ. ಮತ್ತದೇ, ಹದಿನೈದು ಸೆಕೆಂಡು!

ಸಮಯ ಮುಗಿಯಿತು ಅಂತ ಚೀಟಿ ಬಂತು. ಮಕ್ಕಳ ವಿಷಯ, ಇದೇ ಕೆಲಸಕ್ಕೆ ಬಳಸುವ ಲಿಗ್ನೊಕೇನ್, ಎಸ್ಮೊಲಾಲ್ ಮದ್ದುಗಳ ಹೋಲಿಕೆ ಎಲ್ಲಾ ಬಿಟ್ಟೆ. ಒಂದೇ ಮಾತು: ಟ್ಯೂಬ್ ತೆಗೆಯುವಾಗಲೂ ಬಿಪಿ ಏರುತ್ತದೆ, ಅಷ್ಟರಲ್ಲಿ ಈ ಮದ್ದಿನ ಪರಿಣಾಮ ಇಳಿದಿರಬಹುದು, ಉದ್ದದ ಆಪರೇಷನ್ನಾದರೆ ಖಂಡಿತ. ನೆಬ್ಯುಲೈಸ್ ಮಾಡಿದ ವೇಳೆಯನ್ನು ಕೇಸ್ ಶೀಟಿನಲ್ಲಿ ಬರೆಯಿರಿ, ರಿಕವರಿ ಸಿಸ್ಟರ್‌ಗೆ ಬಾಯಲ್ಲೂ ಹೇಳಿ.